ಇಳಿವಯಸ್ಸಿನ ಕಲಿಕೆಯೂ ಒಂದು ರಸಾಯನ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮ ನಾಡಿನಲ್ಲಿ ಮನೆಮನೆಯಲ್ಲೂ ಕೇಳಿಬರುತ್ತದೆ. ಹಿರಿಯರೊಬ್ಬರು ಕೀಲಿಕೈ ಎಲ್ಲಿಟ್ಟೆನೆಂದು ಹುಡುಕತೊಡಗಿದರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರೆ, ಮನೆಯವರು ನಕ್ಕು ಈ ಗಾದೆಯನ್ನು ಹೇಳುತ್ತಾರೆ. ಕೆಲಕಾಲದ ಬಳಿಕ ಹಿರಿಯರೂ ಅದನ್ನೇ ನಂಬತೊಡಗುತ್ತಾರೆ. ‘ಇನ್ನ ನಮಗೇನ ತಿಳೀತದ್ರಿ ಡಾಕ್ಟರ, ಉಂಡು ಕಟ್ಟಿ ಮ್ಯಾಲೆ ಕುಂಡ್ರೂದಷ್ಟ’ ಎಂಬ ಮಾತನ್ನು ಚಿಕಿತ್ಸಾಲಯದಲ್ಲಿ ನಾವು ಎಷ್ಟು ಬಾರಿ ಕೇಳಿದ್ದೇವೆಯೋ ಲೆಕ್ಕವಿಲ್ಲ.

ಈ ಗಾದೆಯಿಂದ ಎರಡು ಬಗೆಯ ಹಾನಿಯುಂಟಾಗುತ್ತದೆ. ಮೊದಲನೆಯದು, ಔಷಧದಿಂದ ಸರಿಪಡಿಸಬಹುದಾದ ಕಾಯಿಲೆಯೂ ‘ವಯಸ್ಸಾಯಿತು’ ಎಂಬ ಮಾತಿನ ಮರೆಯಲ್ಲಿ ಉಳಿದುಹೋಗುತ್ತದೆ. ಎರಡನೆಯದು, ಇನ್ನೂ ಇಪ್ಪತ್ತು ವರುಷ ಚುರುಕಾಗಿ ಇರಬಲ್ಲ ಬುದ್ಧಿಯು ಬಳಕೆಯಿಲ್ಲದೆ ಮಂಕಾಗುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಇಳಿವಯಸ್ಸಿನವರ ಕಲಿಕೆ, ಅದರಿಂದ ದೇಹಮನಸ್ಸುಗಳಿಗೆ ಆಗುವ ಉಪಕಾರ, ಸಂಶಿಯಂಥ ಊರಿನಲ್ಲಿ ಹಿರಿಯರ ಕಲಿಕಾ ಕೂಟವನ್ನು ನಡೆಸುವ ಕ್ರಮ ಇವುಗಳನ್ನು ಸದ್ಭಕ್ತರ ಮುಂದಿಡಲು ಬಯಸುತ್ತೇವೆ.

ಆಯುರ್ವೇದದ ದೃಷ್ಟಿ

ಚರಕಸಂಹಿತೆಯು ಮನುಷ್ಯನ ಆಯುಷ್ಯವನ್ನು ಮೂರು ಭಾಗ ಮಾಡುತ್ತದೆ. ಮೂವತ್ತರವರೆಗೆ ಬಾಲ್ಯ, ಅರವತ್ತರವರೆಗೆ ಮಧ್ಯವಯಸ್ಸು, ಅಲ್ಲಿಂದ ನೂರರವರೆಗೆ ಜೀರ್ಣಾವಸ್ಥೆ. ಈ ಕೊನೆಯ ಭಾಗದಲ್ಲಿ ವಾತವು ಪ್ರಬಲವಾಗುತ್ತದೆ. ಗ್ರಹಣ, ಧಾರಣ, ಸ್ಮರಣ, ವಚನ ಈ ಶಕ್ತಿಗಳು ಕ್ರಮೇಣ ಇಳಿಯುತ್ತವೆ. ಇದನ್ನು ಆಚಾರ್ಯರು ಮರೆಮಾಚಿಲ್ಲ. ಆದರೆ ಇಳಿಯುವುದು ಬೇರೆ, ಬತ್ತಿಹೋಗುವುದು ಬೇರೆ.

ಶಾರ್ಙ್ಗಧರಸಂಹಿತೆಯಲ್ಲಿ ಈ ಇಳಿಕೆಯ ಲೆಕ್ಕ ಇನ್ನಷ್ಟು ಸ್ಪಷ್ಟವಾಗಿದೆ. ಪ್ರತಿ ಹತ್ತು ವರ್ಷಕ್ಕೆ ಒಂದೊಂದು ಗುಣ ಕುಗ್ಗುತ್ತದೆಂದು ಅಲ್ಲಿ ಹೇಳಿದೆ. ಮೊದಲ ದಶಕದಲ್ಲಿ ಬಾಲ್ಯ, ಎರಡನೆಯದರಲ್ಲಿ ಬೆಳವಣಿಗೆ, ಮೂರನೆಯದರಲ್ಲಿ ಕಾಂತಿ, ನಾಲ್ಕನೆಯದರಲ್ಲಿ ಮೇಧೆ, ಐದನೆಯದರಲ್ಲಿ ಚರ್ಮ, ಆರನೆಯದರಲ್ಲಿ ದೃಷ್ಟಿ, ಏಳರಲ್ಲಿ ಶುಕ್ರ, ಎಂಟರಲ್ಲಿ ವಿಕ್ರಮ, ಒಂಬತ್ತರಲ್ಲಿ ಬುದ್ಧಿ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಕೇಳಿದ್ದನ್ನು ಥಟ್ಟನೆ ಹಿಡಿದಿಡುವ ಮೇಧೆಯು ನಾಲ್ವತ್ತರೊಳಗೇ ಕುಗ್ಗತೊಡಗುತ್ತದೆ. ಆದರೆ ಸರಿತಪ್ಪುಗಳನ್ನು ತೂಗಿ ನೋಡುವ ಬುದ್ಧಿಯ ಸರದಿ ಬರುವುದು ಎಂಬತ್ತು ದಾಟಿದ ಮೇಲೆ. ದೃಷ್ಟಿ ಕುಗ್ಗುವುದು ಐವತ್ತು ಅರವತ್ತರ ನಡುವೆ. ಹೀಗಾಗಿ ಅರವತ್ತೈದರ ಅಜ್ಜನಿಗೆ ಪುಸ್ತಕ ಓದಲು ಬಾರದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅವರ ಕಣ್ಣನ್ನು, ಬುದ್ಧಿಯನ್ನಲ್ಲ.

ಚರಕಾಚಾರ್ಯರು ವಿದ್ಯೆಯ ಗಳಿಕೆಗೆ ಮೂರು ಉಪಾಯಗಳನ್ನು ಹೇಳಿದ್ದಾರೆ: ಅಧ್ಯಯನ, ಅಧ್ಯಾಪನ, ತದ್ವಿದ್ಯ ಸಂಭಾಷೆ. ಓದುವುದು, ಇನ್ನೊಬ್ಬರಿಗೆ ಹೇಳಿಕೊಡುವುದು, ಬಲ್ಲವರೊಡನೆ ಕೂಡಿ ಮಾತಾಡುವುದು. ಸಂಭಾಷೆಯಲ್ಲಿಯೂ ಸ್ನೇಹದಿಂದ ನಡೆಯುವ ಸಂಧಾಯ ಸಂಭಾಷೆ, ಜಗ್ಗಾಟದಿಂದ ನಡೆಯುವ ವಿಗೃಹ್ಯ ಸಂಭಾಷೆ ಎಂದು ಎರಡು ಬಗೆ. ಹಿರಿಯರ ಕೂಟಕ್ಕೆ ಒಪ್ಪುವುದು ಮೊದಲನೆಯದು. ಇನ್ನು ರಸಾಯನಾಧ್ಯಾಯದಲ್ಲಿ ಬರುವ ಆಚಾರ ರಸಾಯನವಂತೂ ಗಿಡಮೂಲಿಕೆಯ ಮಾತನ್ನೇ ಎತ್ತುವುದಿಲ್ಲ. ಸತ್ಯ, ಶಾಂತಿ, ಶುಚಿ, ದಾನ, ಹಿರಿಯರ ಸಹವಾಸ, ಶಾಸ್ತ್ರದಲ್ಲಿ ಆಸಕ್ತಿ ಇವುಗಳೇ ರಸಾಯನವೆಂದು ಅದು ಸಾರುತ್ತದೆ.

ಇಂದಿನ ಸಂಶೋಧನೆಗಳು

ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡಾ 7.4 ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವು ಅಂದಾಜು ಮಾಡಿದೆ. ಎಣಿಕೆಯಲ್ಲಿ ಇದು ಸುಮಾರು 88 ಲಕ್ಷ. ಸಂಖ್ಯೆ ದೊಡ್ಡದೇ. ಆದರೂ ನೂರು ಹಿರಿಯರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಈ ಕಾಯಿಲೆ ಇಲ್ಲವೆಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಗಾದೆಯ ಮಾತು ಇಲ್ಲಿಗೇ ಸುಳ್ಳಾಯಿತು.

‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಮರೆವಿನ ಕಾಯಿಲೆಗೆ ದಾರಿಮಾಡುವ, ನಮ್ಮ ಹಿಡಿತಕ್ಕೆ ಸಿಗಬಲ್ಲ 14 ಕಾರಣಗಳನ್ನು ಪಟ್ಟಿಮಾಡಿತು. ಕಡಿಮೆ ಶಿಕ್ಷಣ, ಕಿವುಡು, ಚಿಕಿತ್ಸೆ ಕಾಣದ ದೃಷ್ಟಿದೋಷ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯ, ಖಿನ್ನತೆ, ಒಂಟಿತನ, ವ್ಯಾಯಾಮದ ಕೊರತೆ ಮುಂತಾದವು ಅದರಲ್ಲಿವೆ. ಇವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಭಿಪ್ರಾಯ. ಹಿರಿಯರು ವಾರಕ್ಕೆ ಮೂರು ನಾಲ್ಕು ದಿನ ಮನೆಯಿಂದ ನಡೆದು ಬಂದು, ಹತ್ತು ಜನರೊಡನೆ ಕುಳಿತು ಏನಾದರೂ ಕಲಿತರೆ ಈ ಪಟ್ಟಿಯ ಹಲವು ಕಾರಣಗಳಿಗೆ ಒಂದೇ ಕಾಲಕ್ಕೆ ಉತ್ತರ ಕೊಟ್ಟಂತಾಗುತ್ತದೆ.

ಎಂಥ ಕಲಿಕೆ ಒಳ್ಳೆಯದು ಎಂಬುದಕ್ಕೆ ಅಮೆರಿಕದ ಟೆಕ್ಸಾಸಿನಲ್ಲಿ ಡೆನಿಸ್ ಪಾರ್ಕ್ ಎಂಬ ವಿದುಷಿಯ ತಂಡವು ನಡೆಸಿದ ಪ್ರಯೋಗವನ್ನು ನೋಡಬಹುದು. 2014ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 60ರಿಂದ 90 ವರ್ಷದವರು ಪಾಲ್ಗೊಂಡಿದ್ದರು. ಕೆಲವರಿಗೆ ಛಾಯಾಚಿತ್ರ ತೆಗೆಯುವುದನ್ನೂ ಕೆಲವರಿಗೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುವುದನ್ನೂ ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಕಲಿಸಲಾಯಿತು. ಇನ್ನು ಕೆಲವರು ಅಷ್ಟೇ ಹೊತ್ತು ಕೂಡಿ ಹರಟೆ, ಆಟ, ಪ್ರವಾಸಗಳಲ್ಲಿ ಕಳೆದರು. ಹೊಸ ವಿದ್ಯೆ ಕಲಿತವರ ನೆನಪಿನ ಶಕ್ತಿ ಉಳಿದವರಿಗಿಂತ ಹೆಚ್ಚು ಸುಧಾರಿಸಿತು. ಬಟ್ಟೆಯ ತುಂಡು ಜೋಡಿಸಿ ಹೊಲಿಯುವುದೆಂದರೆ ನಮ್ಮ ಕೌದಿಯೇ ಅಲ್ಲವೇ? ನಮ್ಮ ಹಿರಿಯ ತಾಯಂದಿರು ಬಲ್ಲ ಈ ವಿದ್ಯೆಯನ್ನು ಸೊಸೆ ಮೊಮ್ಮಕ್ಕಳು ಕಲಿಯದೆ ಬಿಡುತ್ತಿರುವುದು ವಿಷಾದದ ಸಂಗತಿ.

ನಮ್ಮವರೇ ಆದ ಡಾ. ಸುವರ್ಣಾ ಅಲ್ಲಾಡಿ ಅವರ ತಂಡವು ಹೈದರಾಬಾದಿನಲ್ಲಿ 648 ಮಂದಿ ಮರೆವಿನ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಒಂದು ವರದಿ ಪ್ರಕಟಿಸಿತು. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆಯು ಒಂದೇ ಭಾಷೆ ಬಲ್ಲವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತು. ಕನ್ನಡದ ಜೊತೆಗೆ ಮರಾಠಿ, ಉರ್ದು, ಹಿಂದಿಗಳಲ್ಲಿ ನಾಲ್ಕು ಮಾತು ಆಡಬಲ್ಲ ಹಿರಿಯರು ನಮ್ಮ ಭಾಗದಲ್ಲಿ ಬೇಕಾದಷ್ಟಿದ್ದಾರೆ. ಅವರು ಆ ಭಾಷೆಗಳನ್ನು ಮರೆಯಗೊಡಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ಮೀರಿದವರನ್ನು ಹಲವಾರು ವರ್ಷಗಳ ಕಾಲ ಪರೀಕ್ಷಿಸುತ್ತ ಹೋಗುವ ದೊಡ್ಡ ಅಧ್ಯಯನವನ್ನು ಕೈಗೊಂಡಿದೆ. ಹಳ್ಳಿಗರ ಮಿದುಳು ಹೇಗೆ ಮುಪ್ಪಾಗುತ್ತದೆಂಬುದು ಅದರಿಂದ ಇನ್ನಷ್ಟು ತಿಳಿದುಬರಲಿದೆ.

ಪರಂಪರೆಯಲ್ಲಿ ಹಿರಿಯರ ಕಲಿಕೆ

ಫ್ರಾನ್ಸಿನ ತುಲೂಸ್ ನಗರದಲ್ಲಿ 1973ರಲ್ಲಿ ಹಿರಿಯರಿಗಾಗಿಯೇ ಒಂದು ವಿಶ್ವವಿದ್ಯಾಲಯ ಆರಂಭವಾಯಿತು. 1981ರ ಹೊತ್ತಿಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅದು ಇನ್ನೊಂದು ರೂಪ ತಾಳಿತು. ಅಲ್ಲಿ ಬೇರೆ ಅಧ್ಯಾಪಕರಿಲ್ಲ. ಬಲ್ಲ ಹಿರಿಯರೇ ಉಳಿದ ಹಿರಿಯರಿಗೆ ಕಲಿಸುತ್ತಾರೆ. ಇದು ನಮಗೆ ತೀರ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪದಲ್ಲಿ ಕೂಡಿದ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ಕಾಯಕ ಮಾಡುತ್ತಲೇ ಅರಿವನ್ನು ಹಂಚಿಕೊಂಡ ದುಡಿಯುವ ಜನ. ಶ್ರಾವಣ ಮಾಸದ ಪುರಾಣ ಪ್ರವಚನ, ಅಮಾವಾಸ್ಯೆಯ ಶಿವಾನುಭವ, ಭಜನಾ ಮೇಳ ಇವೆಲ್ಲ ಶತಮಾನಗಳಿಂದ ಹಿರಿಯರ ಪಾಠಶಾಲೆಗಳಾಗಿವೆ. ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಸ್ವಾಮಿಗಳು ವಾರಕ್ಕೊಮ್ಮೆ ನಡೆಯುವ ಶಿವಾನುಭವವನ್ನು ದಶಕಗಳ ಕಾಲ ಬಿಡದೆ ನಡೆಸಿದ್ದು ನಾಡಿಗೇ ತಿಳಿದಿದೆ. ಆದರೆ ಪ್ರವಚನದಲ್ಲಿ ಹಿರಿಯರು ಕೇಳುಗರಷ್ಟೇ ಆಗಿರುತ್ತಾರೆ. ಟೆಕ್ಸಾಸಿನ ಪ್ರಯೋಗವನ್ನು ನೆನೆದರೆ, ಕೇಳಿದ ಮೇಲೆ ಮಾಡುವ ಕೆಲಸವೂ ಇರಬೇಕೆಂಬುದು ಹೊಳೆಯುತ್ತದೆ.

ಮಾದರಿಗಳಿಗೇನೂ ಕೊರತೆಯಿಲ್ಲ. ಮಹಾಲಿಂಗಪುರದ ಇಬ್ರಾಹಿಂ ಸುತಾರ ಅವರು ಮೂರನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಕಂಡವರು. ನೇಯ್ಗೆ ಮಾಡುತ್ತ, ಭಜನೆಗಳಲ್ಲಿ ಕೂಡುತ್ತ, ವಚನ ಉಪನಿಷತ್ತುಗಳನ್ನು ತಾವೇ ಅಭ್ಯಾಸ ಮಾಡಿ ನಾಡೆಲ್ಲ ಪ್ರವಚನ ಹೇಳಿದರು. 2018ರಲ್ಲಿ ಪದ್ಮಶ್ರೀ ಪಡೆದರು. ನಿಘಂಟುಕಾರ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದ್ದು 1991ರಲ್ಲಿ. ಆಗ ಅವರ ವಯಸ್ಸು ಎಂಬತ್ತರ ಹತ್ತಿರ. ಓದುಗರ ಪ್ರಶ್ನೆಗಳಿಗಾಗಿ ವಾರವಾರವೂ ಶಬ್ದಗಳ ಬೆನ್ನುಹತ್ತಿದ ಅವರು 107 ವರ್ಷ ಬಾಳಿದರು. ನಮ್ಮ ಸಂಶಿಯ ಮೂಲಕ ಹಾದುಹೋಗುವ ಇದೇ ರೈಲುಹಾದಿಯಲ್ಲಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡ ಗಂಗೂಬಾಯಿ ಹಾನಗಲ್ಲರು ತೊಂಬತ್ತು ದಾಟಿದ ಮೇಲೂ ವೇದಿಕೆಯೇರಿ ಹಾಡಿದರು.

ಇವರೆಲ್ಲ ದೊಡ್ಡವರು ಎನ್ನಬಹುದು. ಹಾಗಾದರೆ ನೆರೆಯ ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯನಿ ಅಮ್ಮನವರನ್ನು ನೆನೆಯೋಣ. ಶಾಲೆಯ ಮುಖವನ್ನೇ ಕಾಣದಿದ್ದ ಆ ತಾಯಿ 2018ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆಗೆ ಕುಳಿತು ನೂರಕ್ಕೆ 98 ಅಂಕ ಗಳಿಸಿದರು.

ನೆನಪಿನ ಎಂಟು ದಾರಿಗಳು

ಹಿರಿಯರಿಗೆ ಕಲಿಸುವುದು ಮಕ್ಕಳಿಗೆ ಕಲಿಸಿದಂತಲ್ಲ. ಬಾಯಿಪಾಠ ಅವರಿಗೆ ಒಗ್ಗುವುದಿಲ್ಲ. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸ್ಮೃತಿಗೆ ಎಂಟು ಕಾರಣಗಳನ್ನು ಹೇಳಿದೆ. ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಬೇಡ.

1. ನಿಮಿತ್ತ: ಕಾರಣವನ್ನು ಕಂಡು ಕಾರ್ಯವನ್ನು ನೆನೆಯುವುದು. ಗುಳಿಗೆಯ ಹೆಸರಿಗಿಂತ ‘ಇದು ಸಕ್ಕರೆಗೆ, ಊಟಕ್ಕೆ ಮೊದಲು’ ಎಂಬ ಸಂಬಂಧ ಮನಸ್ಸಿನಲ್ಲಿ ನಿಲ್ಲುತ್ತದೆ.

2. ರೂಪಗ್ರಹಣ: ಆಕಾರದಿಂದ ನೆನಪು. ‘ಠ’ ಅಕ್ಷರವು ಬಂಡಿಯ ಗಾಲಿಯಂತಿದೆ ಎಂದರೆ ರೈತನಿಗೆ ಅದು ಮರೆಯುವುದಿಲ್ಲ.

3. ಸಾದೃಶ್ಯ: ಹೋಲಿಕೆ. ‘ವ’ ಬಂದವರಿಗೆ ‘ಮ’ ಕಲಿಸುವುದು ಸುಲಭ.

4. ಸವಿಪರ್ಯಯ: ವಿರುದ್ಧವಾದುದರಿಂದ ನೆನಪು. ಬ್ಯಾಂಕಿನ ಪಾಸ್‌ಬುಕ್ಕನ್ನು ಜಮಾ ಖರ್ಚುಗಳ ಜೋಡಿಯಾಗಿ ತೋರಿಸಬೇಕು.

5. ಸತ್ತ್ವಾನುಬಂಧ: ಮನಸ್ಸನ್ನು ಒಂದೆಡೆ ನಿಲ್ಲಿಸುವುದು. ಪಾಠದ ವೇಳೆಗೆ ಟಿ.ವಿ., ಮೊಬೈಲುಗಳ ಸದ್ದಿರಬಾರದು. ಹಿರಿಯರ ಬಹುಪಾಲು ‘ಮರೆವು’ ಮೊದಲೇ ಗಮನವಿಟ್ಟು ಕೇಳದಿರುವುದರಿಂದ ಆದದ್ದು.

6. ಅಭ್ಯಾಸ: ದಿನವೂ ಸ್ವಲ್ಪ. ವಾರಕ್ಕೊಮ್ಮೆ ಎರಡು ಗಂಟೆ ಬರೆಯುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಬರೆಯುವುದು ಮೇಲು.

7. ಜ್ಞಾನಯೋಗ: ಅರ್ಥವನ್ನು ಅರಿಯುವುದು. ಏಕೆ ಎಂಬುದು ತಿಳಿಯದ ಪಾಠ ಇಳಿವಯಸ್ಸಿನಲ್ಲಿ ನಿಲ್ಲದು.

8. ಪುನಃಶ್ರುತ: ಮತ್ತೆ ಕೇಳುವುದು. ಹಿಂದಿನ ದಿನದ ಪಾಠವನ್ನು ಕಲಿತವರ ಬಾಯಿಂದಲೇ ಹೇಳಿಸಿ ಮುಂದಿನದನ್ನು ಆರಂಭಿಸಬೇಕು.

ಕಲಿಕೆಗೆ ಮುನ್ನ ತಪಾಸಣೆ

ಕೂಟಕ್ಕೆ ಸೇರುವವರ ಕಣ್ಣು ಕಿವಿಗಳನ್ನು ಮೊದಲು ಪರೀಕ್ಷಿಸಬೇಕು. ನಾಲ್ವತ್ತರ ಸುಮಾರಿಗೆ ಬರುವುದೆಂದೇ ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಆದರೂ ಎಪ್ಪತ್ತರವರೆಗೆ ಚಾಳೀಸು ಕೊಳ್ಳದವರು ಎಷ್ಟೋ ಮಂದಿ. ಮೋತಿಬಿಂದುವಿನ ಶಸ್ತ್ರಚಿಕಿತ್ಸೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕಿವುಡಾದವರು ಅದನ್ನು ತೆಗೆಸಿದ ದಿನವೇ ಚುರುಕಾದುದನ್ನು ನಾವು ಕಂಡಿದ್ದೇವೆ.

ಎರಡನೆಯದು ರಕ್ತಪರೀಕ್ಷೆ. ನಾವು ಸಸ್ಯಾಹಾರಿಗಳಾದುದರಿಂದ ವಿಟಮಿನ್ ಬಿ-12ರ ಕೊರತೆ ನಮ್ಮಲ್ಲಿ ಸಾಮಾನ್ಯ. ಹಾಲು ಮೊಸರು ಸಾಕಷ್ಟು ಸೇವಿಸದ, ಸಕ್ಕರೆ ಕಾಯಿಲೆಗೆ ಬಹುಕಾಲದಿಂದ ಮೆಟ್‌ಫಾರ್ಮಿನ್ ಗುಳಿಗೆ ನುಂಗುತ್ತಿರುವ ಹಿರಿಯರಲ್ಲಿ ಇದು ಇನ್ನೂ ಹೆಚ್ಚು. ಮರೆವು, ಅಂಗಾಲು ಜೋಮು, ನಡೆಯುವಾಗ ಓಲಾಟ ಇದರ ಕುರುಹುಗಳು. ಥೈರಾಯ್ಡ್ ಗ್ರಂಥಿಯ ಮಾಂದ್ಯದಿಂದಲೂ ಬುದ್ಧಿ ಮಂಕಾಗುತ್ತದೆ. ಸಂಗಾತಿಯನ್ನು ಕಳೆದುಕೊಂಡ ಹಿರಿಯರಲ್ಲಿ ಖಿನ್ನತೆಯೇ ಮರೆವಿನ ವೇಷದಲ್ಲಿ ಬರುವುದುಂಟು. ಇವೆಲ್ಲಕ್ಕೂ ಚಿಕಿತ್ಸೆಯಿದೆ.

ಸಂಶಿಯಂಥ ಊರಿನಲ್ಲಿ ಕೂಟ ನಡೆಸುವ ಕ್ರಮ

ಮಠದ ಪಡಸಾಲೆ, ಗ್ರಾಮ ಪಂಚಾಯತಿಯ ಗ್ರಂಥಾಲಯ, ಶಾಲೆಯ ಕೋಣೆ ಇವುಗಳಲ್ಲಿ ಯಾವುದಾದರೂ ಆದೀತು. ಮೆಟ್ಟಿಲು ಕಡಿಮೆ, ಬೆಳಕು ಹೆಚ್ಚು, ಶೌಚಾಲಯ ಹತ್ತಿರ ಇರಬೇಕು. ಮೊಳಕಾಲು ನೋವಿನವರಿಗೆ ಕುರ್ಚಿ ಬೇಕು. ನೆಲದ ಮೇಲೆಯೇ ಕೂಡಬೇಕೆಂಬ ಕಟ್ಟಳೆ ಬೇಡ. ಹದಿನೈದರಿಂದ ಇಪ್ಪತ್ತು ಜನಕ್ಕೆ ಒಂದು ಕೂಟ ಸಾಕು.

ದಿನದ ಮೂರನೆಯ ಪ್ರಹರದಿಂದ ವಾತ ಹೆಚ್ಚುತ್ತದೆ. ಹಿರಿಯರು ಆಗ ಬೇಗ ದಣಿಯುತ್ತಾರೆ. ಪೂಜೆ, ನಾಷ್ಟಾ, ಮನೆಗೆಲಸ ಮುಗಿದ ಮೇಲೆ 10 ಗಂಟೆಯಿಂದ 11.30ರವರೆಗಿನ ಹೊತ್ತು ಕಲಿಕೆಗೆ ಹಿತ. ಅರ್ಧ ಗಂಟೆಯ ಪಾಠ, ಐದು ನಿಮಿಷ ಎದ್ದು ಓಡಾಟ, ಮತ್ತೆ ಪಾಠ ಎಂಬಂತೆ ಸಾಗಬೇಕು. ಶ್ರಾವಣದಲ್ಲಿ ಜನ ಹೇಗೂ ಮಠಕ್ಕೆ ಬರುತ್ತಾರಾದುದರಿಂದ ಆಗಲೇ ಆರಂಭಿಸುವುದು ಒಳ್ಳೆಯದು. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿಯೂ ಕಡಲೆ ಜೋಳದ ಸುಗ್ಗಿಯಲ್ಲಿಯೂ ಹಾಜರಿ ಇಳಿಯುತ್ತದೆ. ಆಗ ವಾರಕ್ಕೆ ಒಂದೇ ದಿನ ಇಟ್ಟುಕೊಳ್ಳಬಹುದು.

ವಾರದ ನಾಲ್ಕು ದಿನಗಳನ್ನು ಹೀಗೆ ಹಂಚಬಹುದು. ಸೋಮವಾರ ಅಕ್ಷರ ಮತ್ತು ಓದು: ಮೊದಲು ತಮ್ಮ ಹೆಸರು, ಸಹಿ, ಬಳಿಕ ಬಸ್ಸಿನ ಫಲಕ, ಔಷಧದ ಚೀಟಿ, ಕೊನೆಗೆ ದೊಡ್ಡ ಅಕ್ಷರದ ಪುಸ್ತಕ. ಕೇಂದ್ರ ಸರಕಾರದ ‘ಉಲ್ಲಾಸ್’ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ಮೀರಿದ ಎಲ್ಲ ನಿರಕ್ಷರರಿಗಾಗಿ ಇದ್ದು, ಸ್ವಯಂಸೇವಕರ ಮೂಲಕ ನಡೆಯುತ್ತದೆ. ಅದರ ನೆರವು ಪಡೆಯಬಹುದು. ಬುಧವಾರ ಕೈಕೆಲಸ: ಕೌದಿ, ಕಸೂತಿ, ಹಗ್ಗ ಹೊಸೆಯುವುದು. ಇಲ್ಲಿ ಬಲ್ಲ ಹಿರಿಯರೇ ಗುರುಗಳು, ಕಲಿಯಲು ಮಕ್ಕಳೂ ಬರಲಿ. ಕೌದಿ ಬಲ್ಲ ತಾಯಿಗೆ ಅದೇ ಕೌದಿ ಹೊಸ ವಿದ್ಯೆಯಾಗದು. ಆಕೆಯು ಹೊಸ ವಿನ್ಯಾಸವನ್ನು ಅಳತೆ ಹಾಕಿ ಜೋಡಿಸಲಿ ಅಥವಾ ಕಸೂತಿ ಕಲಿಯಲಿ. ಶುಕ್ರವಾರ ಮೊಬೈಲು ಮತ್ತು ಬ್ಯಾಂಕು: ಪಿಂಚಣಿ ಜಮಾ ಆದುದನ್ನು ನೋಡುವುದು, ಎಟಿಎಂ ಬಳಸುವುದು, ದೂರದ ಮಕ್ಕಳೊಡನೆ ಮುಖ ನೋಡಿ ಮಾತಾಡುವುದು. ಓಟಿಪಿ ಯಾರಿಗೂ ಹೇಳಬಾರದು, ಪೊಲೀಸರು ಫೋನಿನಲ್ಲಿ ಬಂಧಿಸುವುದಿಲ್ಲ, ಮೋಸವಾದರೆ ಕೂಡಲೇ 1930ಕ್ಕೆ ತಿಳಿಸಬೇಕು ಎಂಬ ಮೂರು ಮಾತುಗಳನ್ನು ಪ್ರತಿ ಪಾಠದಲ್ಲಿಯೂ ಹೇಳಿಸಬೇಕು. ರವಿವಾರ ಹಾಡು ಮತ್ತು ಸಂಭಾಷೆ: ವಚನ ಗಾಯನ, ಸೋಬಾನ ಪದ, ಬಳಿಕ ಒಂದು ವಿಷಯದ ಮೇಲೆ ಎಲ್ಲರೂ ಎರಡೆರಡು ಮಾತು.

ಕಲಿಸುವವರು ಹಿರಿಯರನ್ನು ಅಜ್ಜಾ, ಅಮ್ಮಾ, ಕಾಕಾ, ಅತ್ತೀ ಎಂದು ಗೌರವದಿಂದ ಕರೆಯಬೇಕು. ಪರೀಕ್ಷೆ, ಅಂಕ, ಮೊದಲ ಸ್ಥಾನ ಯಾವುದೂ ಬೇಡ. ತಪ್ಪಿದಾಗ ನಗುವವರಿದ್ದರೆ ಮರುದಿನ ಯಾರೂ ಬರುವುದಿಲ್ಲ.

ಆಹಾರ, ಔಷಧ

ಮುಂಜಾನೆ ಉಪವಾಸದಿಂದ ಪಾಠಕ್ಕೆ ಬರಬಾರದು. ಸಕ್ಕರೆ ಕಾಯಿಲೆಯವರಂತೂ ಬರಲೇಬಾರದು. ಬಿಸಿ ರೊಟ್ಟಿ, ಪಲ್ಯ, ಅಗಸಿ ಚಟ್ನಿ, ಮೊಸರು ಇದಕ್ಕಿಂತ ಬೇರೆ ಟಾನಿಕ್ ಬೇಕಿಲ್ಲ. ರಾತ್ರಿ ಬೇಗ ಊಟ ಮಾಡಿ, ಅಂಗಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗುವುದು ಹಿತ. ಹಗಲು ಕಲಿತದ್ದು ನೆಲೆಗೊಳ್ಳುವುದು ರಾತ್ರಿಯ ಒಳ್ಳೆಯ ನಿದ್ರೆಯಲ್ಲಿ.

ಚರಕರು ಹೇಳಿದ ಮೇಧ್ಯ ರಸಾಯನಗಳು ನಾಲ್ಕು: ಒಂದೆಲಗದ ರಸ, ಹಾಲಿನೊಡನೆ ಜೇಷ್ಠಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಇವು ಉತ್ತಮವಾದವೇ. ಆದರೆ ಜೇಷ್ಠಮಧು ರಕ್ತದೊತ್ತಡವನ್ನು ಏರಿಸಬಹುದು. ಅಮೃತಬಳ್ಳಿಯ ಅತಿಬಳಕೆಯಿಂದ ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ. ಬೇರೆ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಇವನ್ನು ಆರಂಭಿಸಬಾರದು.

ಎಚ್ಚರಿಕೆಯ ಕುರುಹುಗಳು

ಕಲಿಕೆಯು ಮರೆವಿನ ಕಾಯಿಲೆಗೆ ಔಷಧವಲ್ಲ. ಅದು ಬಾರದಿರುವಂತೆ, ತಡವಾಗಿ ಬರುವಂತೆ ಮಾಡುವ ಪ್ರಯತ್ನ. ಹೆಸರು ಮರೆತು ಕೊಂಚ ಹೊತ್ತಿನ ಮೇಲೆ ನೆನಪಾಗುವುದು ವಯೋಸಹಜ. ಆದರೆ ಹುಟ್ಟಿ ಬೆಳೆದ ಊರಿನಲ್ಲಿಯೇ ದಾರಿ ತಪ್ಪುವುದು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಐವತ್ತು ವರ್ಷ ಮಾಡಿದ ಅಡುಗೆಯ ಕ್ರಮವನ್ನೇ ಮರೆಯುವುದು, ಮನೆಯವರ ಮೇಲೆ ಕಾರಣವಿಲ್ಲದೆ ಸಂಶಯಪಡುವುದು ಕಂಡುಬಂದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆ ನಮಗೆ ಹತ್ತಿರದಲ್ಲೇ ಇದೆ. ಒಂದೆರಡು ದಿನಗಳಲ್ಲೇ ಥಟ್ಟನೆ ಮಾತು ತಪ್ಪಿದರೆ, ಗುರುತು ಹತ್ತದಂತಾದರೆ ಅದು ಸೋಂಕು, ಪಾರ್ಶ್ವವಾಯು, ಲವಣಾಂಶದ ಏರುಪೇರು ಅಥವಾ ಗುಳಿಗೆಯ ದೋಷವಿರಬಹುದು. ಆಗ ತಡಮಾಡದೆ ಆಸ್ಪತ್ರೆ ಸೇರಿಸಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಸಹಾಯವಾಣಿ 14416. ಇವನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿರಿ.

ಮನೆಯವರಲ್ಲಿ ವಿನಂತಿ

ಹೆಬ್ಬೆಟ್ಟು ಒತ್ತುತ್ತಿದ್ದ ತಾಯಿ ಸಹಿ ಮಾಡಲು ಕಲಿತರೆ ಪಿಂಚಣಿಯ ಹಣ ಎಷ್ಟು ಬಂದಿತು, ಎಷ್ಟು ಹೋಯಿತು ಎಂದು ಆಕೆಯೇ ನೋಡಿಕೊಳ್ಳುತ್ತಾಳೆ. ಗುಳಿಗೆಯ ಚೀಟಿಯನ್ನು ಓದಬಲ್ಲ ತಂದೆ ರಕ್ತದೊತ್ತಡದ ಗುಳಿಗೆಯನ್ನು ಎರಡು ಬಾರಿ ನುಂಗುವುದಿಲ್ಲ. ‘ಈ ವಯಸ್ಸಿನಾಗ ಸಾಲಿಗೆ ಹೊಂಟಾನ’ ಎಂದು ನಗುವ ಬದಲು ಅವರ ಚಾಳೀಸನ್ನು ಒರೆಸಿ ಕೈಗೆ ಕೊಡಿರಿ. ಸಂಜೆ ‘ಇವತ್ತೇನು ಕಲಿತಿರಿ’ ಎಂದು ಕೇಳಿರಿ. ಆ ಪ್ರಶ್ನೆಗೆ ಉತ್ತರಿಸುವಾಗ ಅವರು ಪಾಠವನ್ನು ಇನ್ನೊಮ್ಮೆ ನೆನೆಯುತ್ತಾರೆ. ಚರಕರು ಹೇಳಿದ ಪುನಃಶ್ರುತ ಮನೆಯಲ್ಲಿಯೇ ನಡೆಯುತ್ತದೆ.

ಬರುವ ಶ್ರಾವಣದೊಳಗೆ ಪ್ರತಿ ಓಣಿಯಿಂದ ಇಬ್ಬರು ಮೂವರು ಹಿರಿಯರು, ಕಲಿಸಲು ಮನಸ್ಸುಳ್ಳ ಒಬ್ಬಿಬ್ಬರು ಯುವಕ ಯುವತಿಯರು ಮುಂದೆ ಬಂದರೆ ಇಂಥ ಕೂಟವನ್ನು ಆರಂಭಿಸಲು ಅಷ್ಟೇ ಸಾಕು. ಅವರ ಕಣ್ಣು, ಕಿವಿ, ರಕ್ತದೊತ್ತಡಗಳ ಮೊದಲ ತಪಾಸಣೆಯನ್ನು ನಾವು ಸಂತೋಷದಿಂದ ಮಾಡಿಕೊಡುತ್ತೇವೆ.